ಬೋರ್ಡು, ಬಾಡಿಗೆ, ಪಿಗ್ಮಿ: ಪಶ್ಚಿಮ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾರುವ ಉದ್ಯಮದ ಬೆಲೆ ಮತ್ತು ಬೆಳವಣಿಗೆ

ವಿಜಯನಗರದಲ್ಲಿ ಹೊಸದಾಗಿ ಅಂಗಡಿ ಇಡುವವರು ಕಟ್ಟಡದ ಮಾಲೀಕರಿಗೆ ಮುಂಗಡ ಕೊಡುತ್ತಾರೆ, ಒಳಗೆ ರ‍್ಯಾಕು ಕೂರಿಸುತ್ತಾರೆ, ಬಾಗಿಲ ಮೇಲೆ ಬೋರ್ಡು ಹಾಕಿಸುತ್ತಾರೆ, ಉದ್ದಿಮೆ ಪರವಾನಗಿ ಮಾಡಿಸುತ್ತಾರೆ. ಎಲ್ಲವೂ ಖರ್ಚೇ, ಆದರೆ ಅವರ ಮನಸ್ಸಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಖಾತೆ. ಮುಂಗಡ ಎಂದಾದರೂ ವಾಪಸು ಬರುವ ಹಣ. ರ‍್ಯಾಕು, ಬೋರ್ಡು ಒಮ್ಮೆ ಕೊಟ್ಟು ಮರೆಯುವ ಹಣ. ಪರವಾನಗಿ ವರ್ಷಕ್ಕೊಮ್ಮೆ ಎದುರಾಗುವ ಕಾಟ. ಬಾಡಿಗೆ, ಕರೆಂಟು, ಹುಡುಗರ ಸಂಬಳ ತಿಂಗಳು ಹುಟ್ಟುತ್ತಲೇ ಕೈ ಚಾಚುವಂಥವು. ಇಂಥ ಅಂಗಡಿಗೆ ವೆಬ್‌ಸೈಟ್ ಮಾರಲು ಬಂದ ಕಂಪನಿಯ ಹುಡುಗ "ತಿಂಗಳಿಗೆ ಇಷ್ಟೇ ಸಾರ್" ಅನ್ನುತ್ತಾನೆ. ಅಂಗಡಿಯವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ತಿಂಗಳು ತಿಂಗಳು ಎಲ್ಲ ಬೇಡಪ್ಪ. ಒಟ್ಟು ಎಷ್ಟಾಗುತ್ತೆ ಹೇಳು, ಒಂದೇ ಸಲ ಕೊಟ್ಬಿಡ್ತೀನಿ."

ಈ ಮಾತನ್ನು ಚೌಕಾಸಿ ಎಂದುಕೊಂಡು ದರ ಇಳಿಸುತ್ತಾ ಹೋದ ಕಂಪನಿಗಳು ಹಲವು. ಅಂಗಡಿಯವರು ಆಕ್ಷೇಪಿಸುತ್ತಿರುವುದು ಬೆಲೆಯ ರೂಪಕ್ಕೆ ಎಂಬುದು ನನ್ನ ವಾದ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಕಡೆ ಎಷ್ಟು ಕೊಡಬೇಕು ಎಂಬುದಕ್ಕಿಂತ ಯಾವಾಗ, ಯಾರ ಕೈಗೆ, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದೇ ಗ್ರಾಹಕರನ್ನು ಉಳಿಸುತ್ತದೆ ಅಥವಾ ಕಳೆಯುತ್ತದೆ. ವೆಬ್‌ಸೈಟ್ ಕಟ್ಟಿಕೊಡುವ ಉದ್ಯಮದ ಬೆಳವಣಿಗೆ ಎಂದರೆ ಮೂಲತಃ ನವೀಕರಣದ ಪ್ರಶ್ನೆ. ಹಾಗಾಗಿ ಬೆಲೆ ಮತ್ತು ಬೆಳವಣಿಗೆಯನ್ನು ಇಲ್ಲಿ ಒಂದೇ ಪ್ರಶ್ನೆಯಾಗಿ ನೋಡಿದ್ದೇನೆ. ಆಧಾರವಾಗಿ ಬಳಸಿರುವುದು ಈ ಕ್ಷೇತ್ರದ ಕಂಪನಿಗಳ ಬಗ್ಗೆ ಸಾರ್ವಜನಿಕವಾಗಿ ತಿಳಿದಿರುವ ಸಂಗತಿಗಳನ್ನು, ತೆರಿಗೆ ಮತ್ತು ಪಾವತಿಯ ನಿಯಮಗಳನ್ನು, ಮತ್ತು ಯಾರು ಬೇಕಾದರೂ ಕಾಗದದ ಮೇಲೆ ಮಾಡಿನೋಡಬಹುದಾದ ಒಂದಿಷ್ಟು ಲೆಕ್ಕವನ್ನು.

ಪುಕ್ಕಟೆ ಸೈಟಿನ ಚರಿತ್ರೆ

ಭಾರತದ ಸಣ್ಣ ವ್ಯಾಪಾರಿಗೆ ವೆಬ್‌ಸೈಟಿನ ಬೆಲೆ ಶೂನ್ಯ ಎಂದು ಮೊದಲು ಕಲಿಸಿದ್ದು ಗೂಗಲ್. 2011ರ ನವೆಂಬರ್‌ನಲ್ಲಿ ಅದು ಹೋಸ್ಟ್‌ಗೇಟರ್ ಜೊತೆ ಸೇರಿ 'ಇಂಡಿಯಾ ಗೆಟ್ ಯುವರ್ ಬಿಸಿನೆಸ್ ಆನ್‌ಲೈನ್' ಎಂಬ ಕಾರ್ಯಕ್ರಮ ಶುರುಮಾಡಿ, ಮೊದಲ ವರ್ಷ ಸೈಟನ್ನೂ ಡೊಮೇನ್ ಹೆಸರನ್ನೂ ಉಚಿತವಾಗಿ ಕೊಟ್ಟಿತು. ಮೂರು ವರ್ಷದಲ್ಲಿ 5 ಲಕ್ಷ ವ್ಯಾಪಾರಗಳನ್ನು ಅಂತರಜಾಲಕ್ಕೆ ತರುವುದು ಅದರ ಗುರಿಯಾಗಿತ್ತು. 2017ರ ಜನವರಿಯಲ್ಲಿ ಸುಂದರ್ ಪಿಚೈ ದಿಲ್ಲಿಗೆ ಬಂದು, ಮೊಬೈಲಿನಲ್ಲೇ ಕೆಲವು ನಿಮಿಷಗಳಲ್ಲಿ ಕಟ್ಟಬಹುದಾದ ಉಚಿತ ಸೈಟನ್ನು ಘೋಷಿಸಿದರು. ಮ್ಯಾಪಿನಲ್ಲಿ ಅಂಗಡಿಯ ಗುರುತು ಹಾಕಿಸಿಕೊಂಡವರಿಗೆ ಅದೇ ವಿವರದಿಂದ ಒಂದು ಪುಟ ಸಿದ್ಧವಾಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟುಗಳನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಹಳೆಯ ವಿಳಾಸಕ್ಕೆ ಬಂದವರನ್ನು ಮ್ಯಾಪಿನ ಗುರುತಿಗೆ ಕಳಿಸುತ್ತಿತ್ತು, ಆಮೇಲೆ ಅದೂ ನಿಂತಿತು.

ಈ ಹದಿಮೂರು ವರ್ಷಗಳ ಪಾಠ ಏನು? ಪುಕ್ಕಟೆ ಕೊಟ್ಟದ್ದನ್ನು ಕೊಟ್ಟವರೇ ಹಿಂತೆಗೆದುಕೊಂಡರು ಎಂಬುದು ಮೇಲ್ನೋಟದ ಉತ್ತರ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಮುಚ್ಚಿದಾಗ ಬೀದಿಯಲ್ಲಿ ಗದ್ದಲವೇ ಆಗಲಿಲ್ಲ. ಮ್ಯಾಪಿನ ಗುರುತು, ಅದರ ಕೆಳಗಿನ ನಕ್ಷತ್ರಗಳು, ಫೋನ್ ನಂಬರು ಉಳಿದಿದ್ದವಲ್ಲ, ಅಷ್ಟು ಸಾಕಾಗಿತ್ತು. ಬೇಕರಿಗೆ, ಕಾಂಡಿಮೆಂಟ್ಸಿಗೆ, ಸಲೂನಿಗೆ ವೆಬ್‌ಸೈಟು ಬೇಕಾಗಿರಲೇ ಇಲ್ಲ. ಉಚಿತ ಎಂಬ ಬೆಲೆ ಈ ಸತ್ಯವನ್ನು ಅಷ್ಟು ವರ್ಷ ಮುಚ್ಚಿಟ್ಟಿತ್ತು.

ಬೆಂಗಳೂರಿನದೇ ಆದ ಎರಡು ಕಂಪನಿಗಳ ದಾರಿ ಇದಕ್ಕೆ ಪೂರಕ. 2012ರಲ್ಲಿ ಶುರುವಾದ ಇನ್‌ಸ್ಟಾಮೋಜೊ ಹಣ ಪಡೆಯುವ ಲಿಂಕಿನಿಂದ ಹೊರಟು ಆನ್‌ಲೈನ್ ಅಂಗಡಿ ಕಟ್ಟಿಕೊಡುವತ್ತ ಬಂತು. 2020ರ ಲಾಕ್‌ಡೌನಿನಲ್ಲಿ ಹುಟ್ಟಿದ ದುಕಾನ್, ಬಾಗಿಲು ಮುಚ್ಚಿದ ಕಿರಾಣಿಯವರಿಗೆ ಮೊಬೈಲಿನಲ್ಲಿ ಅರೆಗಳಿಗೆಯಲ್ಲಿ ಅಂಗಡಿ ತೆರೆದುಕೊಟ್ಟು, ಅದೇ ವರ್ಷ ಅಕ್ಟೋಬರ್‌ನಲ್ಲಿ 60 ಲಕ್ಷ ಡಾಲರ್ ಬಂಡವಾಳ ಪಡೆಯಿತು. ಬೀದಿಗಳು ತೆರೆದ ಮೇಲೆ ಅದು ಚಂದಾ ಕಟ್ಟಬಲ್ಲ ದೊಡ್ಡ ಮಾರಾಟಗಾರರತ್ತ ಮುಖ ಮಾಡಿತು. 2023ರ ಜುಲೈನಲ್ಲಿ ಅದರ ಮುಖ್ಯಸ್ಥ ಸುಮಿತ್ ಶಾ, ಗ್ರಾಹಕ ನೆರವಿನ ವಿಭಾಗದ ಶೇ. 90 ಸಿಬ್ಬಂದಿಯ ಬದಲು ಚಾಟ್‌ಬಾಟ್ ಇಟ್ಟೆವು, ನೆರವಿನ ಖರ್ಚು ಸುಮಾರು ಶೇ. 85ರಷ್ಟು ಇಳಿಯಿತು ಎಂದು ಬಹಿರಂಗವಾಗಿ ಬರೆದುಕೊಂಡಾಗ ಟೀಕೆಗಳ ಸುರಿಮಳೆಯಾಯಿತು. ಆ ಮಾತಿನ ಒರಟುತನವನ್ನು ಬದಿಗಿಟ್ಟರೆ, ಉದ್ಯಮದ ಗುಟ್ಟು ಅದರಲ್ಲೇ ಇದೆ: ಸೈಟು ಕಟ್ಟುವುದಕ್ಕೆ ಹಣ ತಗಲುವುದಿಲ್ಲ, ಕಟ್ಟಿಸಿಕೊಂಡವರ ಫೋನು ಎತ್ತುವುದಕ್ಕೆ ತಗಲುತ್ತದೆ.

ವಸೂಲಿಯ ಲೆಕ್ಕ

ಒಂದು ಕಲ್ಪಿತ ಕಂಪನಿಯನ್ನು ತೆಗೆದುಕೊಳ್ಳೋಣ. ಚಂದಾ ತಿಂಗಳಿಗೆ 250 ರೂಪಾಯಿ. ಸರ್ವರು, ಡೊಮೇನು, ಫೋನ್ ನೆರವು ಕಳೆದು ಕೈಯಲ್ಲಿ ಉಳಿಯುವುದು 150. ಬೈಕಿನಲ್ಲಿ ಸುತ್ತಿ ಮಾರುವ ಒಬ್ಬ ಹುಡುಗನಿಗೆ ಸಂಬಳ, ಪೆಟ್ರೋಲು, ಇನ್ಸೆಂಟಿವ್ ಸೇರಿ ತಿಂಗಳಿಗೆ 30,000. ಅವನು ಹಿಡಿದು ತರುವುದು 15 ಅಂಗಡಿ. ಅಂದರೆ ಒಂದು ಅಂಗಡಿಯನ್ನು ಗ್ರಾಹಕನಾಗಿಸಲು 2,000 ರೂಪಾಯಿ. ಹದಿಮೂರು ಚಿಲ್ಲರೆ ತಿಂಗಳಲ್ಲಿ ಹಾಕಿದ್ದು ವಾಪಸು ಬಂತು ಎಂದು ಹೂಡಿಕೆದಾರರ ಮುಂದಿನ ಸ್ಲೈಡು ಹೇಳುತ್ತದೆ.

ಬಿಟ್ಟುಹೋಗುವವರನ್ನು ಸೇರಿಸಿದರೆ ಚಿತ್ರವೇ ಬೇರೆ. ತಿಂಗಳಿಗೆ ನೂರಕ್ಕೆ ಐದು ಮಂದಿ ಬಿಟ್ಟರೆ ವರ್ಷದ ಕೊನೆಗೆ ಉಳಿಯುವವರು 54. ಹಾಕಿದ ಹಣ ಮರಳಲು 13ರ ಬದಲು 22 ತಿಂಗಳು ಬೇಕು. ನೂರಕ್ಕೆ ಎಂಟು ಮಂದಿ ಬಿಟ್ಟರೆ ಒಬ್ಬ ಗ್ರಾಹಕನಿಂದ ಜನ್ಮಾಂತರಕ್ಕೂ ಸರಾಸರಿ ಸಿಗುವುದು 1,875 ರೂಪಾಯಿ. ಹಾಕಿದ 2,000 ಯಾವತ್ತೂ ಹುಟ್ಟುವುದಿಲ್ಲ. ಆ ಕಂಪನಿ ಹೆಚ್ಚು ಬೆಳೆದಷ್ಟೂ ಹೆಚ್ಚು ಕಳೆದುಕೊಳ್ಳುತ್ತದೆ. ಗಡಿ ಇರುವುದು ಏಳೂವರೆಯಲ್ಲಿ. ಐದಕ್ಕೂ ಎಂಟಕ್ಕೂ ನಡುವಿನ ಈ ಮೂರು ಅಂಕಿಗಳಲ್ಲೇ ಇಡೀ ಉದ್ಯಮದ ಹಣೆಬರಹ ಇದೆ.

ತಿಂಗಳ ಚಂದಾ ಈ ಅಂಕಿಯನ್ನು ಮೇಲಕ್ಕೇ ತಳ್ಳುತ್ತದೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿ ಕಡಿತವಾಗುವ ಚಂದಾಕ್ಕೆ 24 ಗಂಟೆ ಮೊದಲೇ ಗ್ರಾಹಕನಿಗೆ ಸಂದೇಶ ಹೋಗಬೇಕು. ಗ್ರಾಹಕನ ಹಿತಕ್ಕೆ ಇದು ಒಳ್ಳೆಯ ನಿಯಮ. ಆದರೆ ತಿಂಗಳ ಚಂದಾ ಇಟ್ಟುಕೊಂಡ ಕಂಪನಿ ವರ್ಷಕ್ಕೆ ಹನ್ನೆರಡು ಸಲ "ಇದು ನಿಮಗೆ ಬೇಕೇ?" ಎಂದು ಕೇಳಿದಂತಾಯಿತು. ವರ್ಷದ ಚಂದಾದವರು ಕೇಳುವುದು ಒಂದೇ ಸಲ. ಮತ್ತೆ ಪಾಸ್‌ವರ್ಡ್ ಕೇಳದೆ ಕಡಿತ ಮಾಡಬಹುದಾದ ಮಿತಿ ಮೊದಲು 5,000 ಇದ್ದು 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿದ್ದರಿಂದ ವರ್ಷದ ಮೊತ್ತಕ್ಕೂ ಈಗ ಅಡ್ಡಿಯಿಲ್ಲ. ಇಂಡಿಯಾಮಾರ್ಟ್‌ನ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಹೆಸರು ನೋಂದಾಯಿಸಿರುವ ಸುಮಾರು 80 ಲಕ್ಷ ಮಾರಾಟಗಾರರಲ್ಲಿ ಹಣ ಕೊಡುವವರು 2 ಲಕ್ಷ ಚಿಲ್ಲರೆ. ಆ ಹಣ ಕೊಡುವವರಲ್ಲೂ ಕೆಳಗಿನ ಸಿಲ್ವರ್ ಹಂತದವರು ಬೇಗ ಕಳಚಿಕೊಳ್ಳುತ್ತಾರೆ, ದೊಡ್ಡ ಮೊತ್ತ ಕಟ್ಟಿದ ಗೋಲ್ಡ್, ಪ್ಲಾಟಿನಂನವರು ಉಳಿಯುತ್ತಾರೆ.

ತೆರಿಗೆಯನ್ನೂ ಮರೆಯುವಂತಿಲ್ಲ. 999 ರೂಪಾಯಿಯ ಚಂದಾಕ್ಕೆ ಶೇ. 18 ಜಿಎಸ್‌ಟಿ ಸೇರಿ 1,179 ಆಗುತ್ತದೆ. ದೊಡ್ಡ ಕಂಪನಿಗೆ ಆ 180 ಹೂಡುವಳಿ ತೆರಿಗೆಯ ಲೆಕ್ಕದಲ್ಲಿ ವಾಪಸು ಬರುತ್ತದೆ. ನೋಂದಣಿಯೇ ಇಲ್ಲದ ಅಥವಾ ಕಾಂಪೊಸಿಷನ್ ಯೋಜನೆಯಲ್ಲಿರುವ ಅಂಗಡಿಗೆ ಅದು ಶುದ್ಧ ಖರ್ಚು. ಕೊನೆಯ ಪರದೆಯಲ್ಲಿ ತೆರಿಗೆ ಸೇರಿಸಿ ಮೊತ್ತ ಏರಿಸುವ ಪದ್ಧತಿ ಈ ಗ್ರಾಹಕರಿಗೆ ಮೋಸದಂತೆ ಕಾಣುತ್ತದೆ. ಅವರ ದೃಷ್ಟಿಯಿಂದ ಅದು ಮೋಸವೇ.

ಕಮಿಷನ್ ಯಾಕೆ ಒಗ್ಗುವುದಿಲ್ಲ

ಚಂದಾ ಬೇಡವಾದರೆ ಮಾರಾಟದಲ್ಲಿ ಪಾಲು ಪಡೆಯಬಹುದಲ್ಲ? ಕೆನಡಾದ ಶಾಪಿಫೈ ಬೆಳೆದದ್ದು ಹಾಗೆಯೇ. ಅದರ ಆದಾಯದ ಬಹುಪಾಲು ಬರುವುದು ಚಂದಾಕ್ಕಿಂತ ಪಾವತಿ ಮುಂತಾದ ಸೇವೆಗಳಿಂದ. ಭಾರತದಲ್ಲಿ ಈ ದಾರಿಗೆ ಯುಪಿಐ ಅಡ್ಡ ನಿಂತಿದೆ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಕ್ಯುಆರ್ ಕೋಡ್ ಸೊನ್ನೆ ರೂಪಾಯಿಗೆ ಮಾಡುವ ಕೆಲಸಕ್ಕೆ ಸೈಟು ನೂರಕ್ಕೆ ಎರಡು ಕೇಳಿದರೆ, ಗ್ರಾಹಕ ಸೈಟಿನಲ್ಲಿ ಸೀರೆ ನೋಡಿ ವಾಟ್ಸಾಪಿನಲ್ಲಿ ಹಣ ಕಳಿಸುತ್ತಾನೆ. ಕಂಪನಿಗೆ ಕಾಣುವುದು ಮಾರಾಟವಿಲ್ಲದ ಸೈಟು.

ಇನ್ನೊಂದು ಕಾರಣ ಇತ್ತೀಚಿನದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ, 2021-22ರಿಂದ ಈಚೆಗೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿಗೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಎಂಬ ನಿಯಮ ಹೊಸದೇನಲ್ಲ. ಆದರೆ ಹಾಲು, ಬ್ರೆಡ್ಡು, ತರಕಾರಿ ಮಾರುವವರ ಕೈಗೂ ಲಕ್ಷಗಳ ಲೆಕ್ಕದ ಕಾಗದ ಬಂದಾಗ ನಗರದ ಅಂಗಡಿಗಳಲ್ಲಿ ಕ್ಯುಆರ್ ಕೋಡ್ ಕಿತ್ತು "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಅಂಟಿತು. ಹಳೆಯ ಬಾಕಿಯ ಬಗ್ಗೆ ಸರ್ಕಾರ ಸಮಾಧಾನ ಹೇಳಿದ ಮೇಲೂ ಅಳುಕು ಉಳಿದಿದೆ. ಪ್ರತಿ ಆರ್ಡರನ್ನೂ ಬರೆದಿಡುವ ಸೈಟು ಆ ಅಂಗಡಿಯವರಿಗೆ ಸೌಲಭ್ಯವಾಗಿ ಕಾಣುವುದಿಲ್ಲ, ಸಾಕ್ಷಿಯಾಗಿ ಕಾಣುತ್ತದೆ. ತೆರಿಗೆ ತಪ್ಪಿಸಲು ನೆರವಾಗಿ ಎಂದು ನಾನು ಹೇಳುತ್ತಿಲ್ಲ. ಮಾರಾಟದ ಮೊತ್ತಕ್ಕೆ ಕಟ್ಟಿಹಾಕಿದ ಬೆಲೆ, ಗ್ರಾಹಕ ಯಾವುದನ್ನು ಹೇಳಲು ಹಿಂಜರಿಯುತ್ತಾನೋ ಅದನ್ನೇ ಮೊದಲು ಕೇಳುತ್ತದೆ ಎಂಬುದಷ್ಟೇ ನನ್ನ ಮಾತು.

ಕಮಿಷನ್ ಬಿಟ್ಟು ಗೆದ್ದ ಉದಾಹರಣೆ ನಗರದ ಆಟೋಗಳಲ್ಲೇ ಓಡಾಡುತ್ತಿದೆ. 2022ರಲ್ಲಿ ಬಂದ 'ನಮ್ಮ ಯಾತ್ರಿ' ಎಂಬ ಆಟೋ ಆ್ಯಪ್ ಮೊದಲು ಚಾಲಕರಿಂದ ಏನೂ ಪಡೆಯಲಿಲ್ಲ. 2023ರಲ್ಲಿ ದಿನಕ್ಕೆ 25 ರೂಪಾಯಿ ಅಥವಾ ಟ್ರಿಪ್ಪಿಗೆ 3.50 ಎಂಬ ದರ ಇಟ್ಟಿತು. ದುಡಿದದ್ದರಲ್ಲಿ ಪಾಲು ಕೇಳದೆ, ದುಡಿಯುವ ದಿನಕ್ಕೆ ಗೊತ್ತಾದ ಮೊತ್ತ ಕೇಳುವ ಈ ರೂಪವನ್ನು ಚಾಲಕರು ಒಪ್ಪಿಕೊಂಡರು.

ಪಿಗ್ಮಿಯ ಪಾಠ, ಅದರ ಮಿತಿ

ದಿನದ ಲೆಕ್ಕ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಅದು ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಿಂದ ಹಣ ಕೂಡಿಸುತ್ತಿದ್ದರು. ಇಂದಿಗೂ ಸಹಕಾರಿ ಬ್ಯಾಂಕು, ಸೊಸೈಟಿಗಳ ಪಿಗ್ಮಿಯವರು ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಅಂಗಡಿ ಸಾಲುಗಳಲ್ಲಿ ಸಂಜೆ ಸುತ್ತುತ್ತಾರೆ.

ದಿನಕ್ಕೆ ಹತ್ತು ರೂಪಾಯಿ ಎಂದರೆ ವರ್ಷಕ್ಕೆ 3,650. ಸೈಟಿನ ಚಂದಾವನ್ನು ಹೀಗೇ ವಸೂಲಿ ಮಾಡಬಾರದೇಕೆ ಎಂದು ಕೇಳುವ ಆಸೆಯಾಗುತ್ತದೆ, ಒಂದು ಕಾಲಕ್ಕೆ ನನಗೂ ಆಗಿತ್ತು. ಹೋಲಿಕೆ ಮುರಿಯುವುದು ಒಂದು ಕಡೆ: ಪಿಗ್ಮಿಗೆ ಕೊಟ್ಟ ಹಣ ಕೊಟ್ಟವರದೇ, ಬಡ್ಡಿ ಸಮೇತ ಮರಳುತ್ತದೆ, ತುರ್ತಿಗೆ ಅದರ ಮೇಲೆ ಸಾಲ ಸಿಗುತ್ತದೆ. ಸೈಟಿಗೆ ಕೊಟ್ಟದ್ದು ಹೋಯಿತು. ದಿನವೂ ಹೋಗುವ ಹತ್ತು ರೂಪಾಯಿ ದಿನವೂ ಚುಚ್ಚುತ್ತದೆ. ಪಿಗ್ಮಿಯಿಂದ ಎತ್ತಿಕೊಳ್ಳಬೇಕಾದದ್ದು ದಿನದ ಲೆಕ್ಕವನ್ನಲ್ಲ, ಅದನ್ನು ವಸೂಲಿ ಮಾಡುವ ಪರಿಚಿತ ಮುಖವನ್ನು. ಪಿಗ್ಮಿಯವರ ಜೊತೆ ಅಂಗಡಿಯವರಿಗೆ ವರ್ಷಗಳ ಮಾತಿದೆ. ಯಾರ ಮಗಳ ಮದುವೆ, ಯಾರ ಚೀಟಿ ಯಾವಾಗ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತು. ನವೀಕರಣದ ದಿನ ಕಾಲ್ ಸೆಂಟರಿನಿಂದ ಬರುವ ಅಪರಿಚಿತ ದನಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ಹಾಗಾದರೆ ಈ ಉದ್ಯಮಕ್ಕೆ ಆ ಪರಿಚಿತ ಮುಖ ಯಾರದು? ಸ್ವಂತ ಮಾರಾಟಪಡೆ ಕಟ್ಟಿ ನೋಡಿದ್ದು ಹೈದರಾಬಾದಿನ ನೌಫ್ಲೋಟ್ಸ್. 2012ರಲ್ಲಿ ಶುರುವಾದ ಅದು ಎಸ್ಸೆಮ್ಮೆಸ್ ಕಳಿಸಿದರೂ ಸೈಟು ಬದಲಾಗುವ ಜಾಣ್ಮೆಯ ವ್ಯವಸ್ಥೆ ಮಾಡಿತ್ತು; ಊರೂರಲ್ಲಿ ಹುಡುಗರನ್ನು ಬೀದಿಗಿಳಿಸಿತ್ತು. 2019ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಅದರ ಶೇ. 85 ಪಾಲನ್ನು 141.63 ಕೋಟಿ ರೂಪಾಯಿಗೆ ಕೊಂಡಿತು. ಎರಡು ವರ್ಷದ ಮೇಲೆ ಜಸ್ಟ್ ಡಯಲ್ ಕೂಡ ಅದೇ ಮನೆ ಸೇರಿತು. ಅಷ್ಟು ದೊಡ್ಡ ಬೆನ್ನೆಲುಬಿಲ್ಲದ ಹೊಸ ಕಂಪನಿ ಹುಡುಗರ ಪಡೆಯನ್ನು ಸಾಕುವುದು ಕಷ್ಟ ಎಂಬುದನ್ನು ಮೇಲಿನ ಲೆಕ್ಕವೇ ತೋರಿಸಿದೆ.

ಬೋರ್ಡು ಮಾಡುವವರ ಅಂಗಡಿ

ಬೀದಿಯಲ್ಲಿ ಆ ಮುಖ ಆಗಲೇ ಇದೆ: ಫ್ಲೆಕ್ಸ್ ಮತ್ತು ಎಲ್‌ಇಡಿ ಬೋರ್ಡು ಮಾಡುವವರು, ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ ಮುದ್ರಿಸುವವರು. ಹೊಸ ವ್ಯಾಪಾರ ಹುಟ್ಟುವುದು ಮೊದಲು ಗೊತ್ತಾಗುವುದು ಅವರಿಗೆ. ಅಂಗಡಿಯ ಹೆಸರಿನ ಕಾಗುಣಿತ, ಬಣ್ಣ, ಲೋಗೊ, ಫೋನ್ ನಂಬರು ಎಲ್ಲ ಅವರ ಕಂಪ್ಯೂಟರಿನಲ್ಲಿದೆ. ಸೈಟು ಕಟ್ಟಲು ಬೇಕಾದ ಮುಕ್ಕಾಲು ಸಾಮಗ್ರಿ ಅದೇ.

ಇವರ ಬಲ ಎಂಥದ್ದು ಎಂಬುದು 2024ರಲ್ಲಿ ಕಂಡಿತು. 2023ರ ಡಿಸೆಂಬರ್ ಕೊನೆಯಲ್ಲಿ ನಡೆದ ಪ್ರತಿಭಟನೆಗಳ ನಂತರ, ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ ನಿಯಮಕ್ಕೆ ಕಾನೂನಿನ ತಿದ್ದುಪಡಿಯೂ ಬಂತು, ಫೆಬ್ರುವರಿ 28ರ ಗಡುವೂ ಬಂತು. ತಿಂಗಳ ಚಂದಾ ಭಾರ ಎನ್ನುತ್ತಿದ್ದ ಅಂಗಡಿಗಳು ಒಂದೇ ಏಟಿಗೆ ಹಣ ಹೊಂದಿಸಿ ಬೋರ್ಡು ಬದಲಿಸಿದವು. ಅದರಲ್ಲಿ ದಂಡದ ಭಯವೂ ಇತ್ತು, ನಿಜ. ಆದರೆ ಬೋರ್ಡಿನ ಖಾತೆಯಲ್ಲಿ ಹಣ ಇತ್ತು ಎಂಬುದೂ ಅಷ್ಟೇ ನಿಜ.

ಈ ದಾರಿಯ ಲೆಕ್ಕ ಹೀಗಿರಬಹುದು. ಬೆಲೆ ವರ್ಷಕ್ಕೆ 3,600. ತೆರಿಗೆ ಸೇರಿ 4,248 ಎಂದು ಮೊದಲೇ ಹೇಳುವುದು. ಬೋರ್ಡಿನ ಬಿಲ್ಲಿನಲ್ಲೇ ಒಂದು ಸಾಲಾಗಿ ಅದು ಸೇರಬೇಕು. ಮೊದಲ ವರ್ಷ ಮುದ್ರಕರಿಗೆ 900, ಪ್ರತಿ ನವೀಕರಣಕ್ಕೆ 450. ತಿಂಗಳಿಗೆ ನೂರರಂತೆ ಕಂಪನಿಯ ಖರ್ಚು 1,200 ಕಳೆದರೂ ಮೊದಲ ವರ್ಷವೇ 1,500 ಉಳಿಯುತ್ತದೆ, ಅದೂ ಮೊದಲ ದಿನವೇ ಕೈಗೆ ಬಂದ ಹಣ. ಇಲ್ಲಿ 22 ತಿಂಗಳು ಕಾಯುವ ಮಾತೇ ಇಲ್ಲ. ಬೆಳವಣಿಗೆ ನಿಧಾನ, ಹೂಡಿಕೆದಾರರಿಗೆ ತೋರಿಸಲು ಏರುಗೆರೆ ಸಿಗುವುದಿಲ್ಲ. ಆದರೆ ಬೆಳೆದಷ್ಟೂ ಸಾಲ ಏರುವ ಅಪಾಯವಿಲ್ಲ.

ಇದಕ್ಕೆ ಪಂಚಾಂಗವೂ ಬೇಕು. ಆಷಾಢದಲ್ಲಿ, ಧನುರ್ಮಾಸದಲ್ಲಿ ಹೊಸ ಅಂಗಡಿ ತೆರೆಯುವವರು ಕಡಿಮೆ. ಶ್ರಾವಣದಲ್ಲಿ ಬೋರ್ಡಿನವರಿಗೆ ಕೈ ಬಿಡುವಿರುವುದಿಲ್ಲ. ಆಯುಧಪೂಜೆಗೆ ಕಾರ್ಖಾನೆಗಳು ಯಂತ್ರ ತೊಳೆದು, ಬಣ್ಣ ಬಳಿದು, ಬೋನಸ್ ಹಂಚಿ, ವರ್ಷದ ಲೆಕ್ಕ ನೋಡುವ ಹೊತ್ತು. ಮಾರ್ಚ್ ತಿಂಗಳಲ್ಲಿ ನವೀಕರಣ ಕೇಳುವ ಕಂಪನಿ, ಆಡಿಟರ ಫೀಜು ಮತ್ತು ಮಕ್ಕಳ ಶಾಲೆಯ ಫೀಜಿನ ಜೊತೆ ಸರದಿಯಲ್ಲಿ ನಿಂತಿರುತ್ತದೆ.

ಯಾರಿಗೆ ಮಾರಬೇಕು

ಒಂದೇ ಬೆಲೆ ಎಲ್ಲರಿಗೂ ಹೊಂದುವುದಿಲ್ಲ. ಅಳತೆಗೋಲು ಒಂದು ವಿಚಾರಣೆಯ ಮೌಲ್ಯ: ಸೈಟು ನೋಡಿ ಬಂದ ಒಂದು ಫೋನ್ ಕರೆ ವ್ಯಾಪಾರವಾದರೆ ಎಷ್ಟು ಉಳಿಯುತ್ತದೆ? ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಪೀಣ್ಯದ ಲೇತ್, ಡೈ, ಪೌಡರ್ ಕೋಟಿಂಗ್ ಶೆಡ್ಡುಗಳಿಗೆ ಹೊಸೂರಿನಿಂದಲೋ ಪುಣೆಯಿಂದಲೋ ಬಂದ ಒಂದೇ ಆರ್ಡರು ಹತ್ತು ವರ್ಷದ ಚಂದಾ ತೀರಿಸಬಲ್ಲದು. ಅಲ್ಲಿ ಗ್ರಾಹಕ ಬೀದಿಯಲ್ಲಿ ನಡೆದು ಬರುವವನಲ್ಲ. ಯಂತ್ರಗಳ ಪಟ್ಟಿ, ಎಷ್ಟು ಮೈಕ್ರಾನಿನ ನಿಖರತೆ, ಯಾವ ಪ್ರಮಾಣಪತ್ರ ಇದೆ ಎಂದು ಓದಿ ಫೋನು ಮಾಡುವವನು. ಇವರಿಗೆ ವರ್ಷಕ್ಕೆ 12,000 ಹೇಳಿದರೂ ಹೆಚ್ಚಲ್ಲ. ಹೇಳದಿರುವುದು ಕಂಪನಿಗಳ ಅಂಜಿಕೆ.

ಬಸವೇಶ್ವರನಗರದ ಕ್ಲಿನಿಕ್ಕು, ಭರತನಾಟ್ಯದ ಶಾಲೆ, ವಿಜಯನಗರದ ಟ್ಯೂಷನ್ನು, ಕೇಟರಿಂಗ್, ಕಲ್ಯಾಣಮಂಟಪ ನಡುವಿನ ಗುಂಪು. ಮದುವೆಯ ಅಡುಗೆ ಒಪ್ಪಿಸುವ ಮೊದಲು ಜನ ನಾಲ್ಕು ಕಡೆ ನೋಡುತ್ತಾರೆ, ಫೋಟೊ ಕೇಳುತ್ತಾರೆ. 3,600ರ ಬೆಲೆ ಇವರಿಗೇ ಹೊಂದುತ್ತದೆ. ಕೆಂಗೇರಿಯದು ಬೇರೆ ಕಥೆ. 2021ರ ಆಗಸ್ಟ್‌ನಲ್ಲಿ ಮೆಟ್ರೊ ಅಲ್ಲಿಗೆ ಮುಟ್ಟಿದ ಮೇಲೆ, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೆ ಹೋದ ಮೇಲೆ, ಪಿಜಿ ನಡೆಸುವವರೂ ಸೈಟು ಮಾರುವ ಬ್ರೋಕರುಗಳೂ ಹೆಚ್ಚಿದ್ದಾರೆ. 'ಸೈಟು' ಎಂದರೆ ಅಲ್ಲಿ ಮೂವತ್ತು ನಲವತ್ತರ ನಿವೇಶನ. ನಮ್ಮ ಸರಕಿಗೆ ಆ ಪದ ಬಳಸಿದರೆ ಮಾತು ಎಲ್ಲಿಗೋ ಹೋಗುತ್ತದೆ. ಪಿಜಿಯವರಿಗೆ ಗ್ರಾಹಕರು ಬೇಕಾಗುವುದು ಕಾಲೇಜು ಶುರುವಾಗುವ ಎರಡು ಮೂರು ತಿಂಗಳು ಮಾತ್ರ. ಹಾಗಾಗಿ ಅಲ್ಲಿ ಋತುಮಾನದ ಚಂದಾ ಇಡುವುದು ನ್ಯಾಯ.

ಬೇಕರಿಯವರಿಗೆ ಮಾರಲೇಬಾರದು. ಮ್ಯಾಪಿನಲ್ಲಿ ಗುರುತು ಹಾಕಿಕೊಟ್ಟು, ಫೋಟೊ ಏರಿಸಿಕೊಟ್ಟು, ಒಮ್ಮೆ 500 ಪಡೆದು ಕೈಮುಗಿದು ಬರಬೇಕು. ಒಲ್ಲದವರಿಗೆ ಮಾರಿದ ಚಂದಾವೇ ಆಮೇಲೆ ಆ ಎಂಟು ಎಂಬ ಅಂಕಿಯಾಗಿ ಕಾಡುತ್ತದೆ.

ಹೆಸರು ಯಾರದು

ಉಳಿದಿರುವುದು ಡೊಮೇನ್ ಹೆಸರಿನ ಪ್ರಶ್ನೆ. ಡಾಟ್ ಕಾಮ್ ಹೆಸರೊಂದಕ್ಕೆ ವೆರಿಸೈನ್ ಪಡೆಯುವ ಸಗಟು ದರ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 10.26 ಡಾಲರ್. 3,600ರ ಚಂದಾದಲ್ಲಿ ಸುಮಾರು ಕಾಲುಭಾಗವನ್ನು ಅದೇ ನುಂಗುತ್ತದೆ. ಡಾಟ್ ಇನ್ ಹೆಸರನ್ನೂ ಕನ್ನಡ ಲಿಪಿಯ ಡಾಟ್ ಭಾರತ ಹೆಸರನ್ನೂ ನೋಡಿಕೊಳ್ಳುವುದು ನಮ್ಮದೇ ದೇಶದ ನಿಕ್ಸಿ. ದರಕ್ಕಿಂತ ದೊಡ್ಡ ವಿಷಯ ಒಡೆತನ. ಸೈಟು ಮಾಡಿಕೊಡುವವರು ಡೊಮೇನನ್ನು ತಮ್ಮದೇ ಹೆಸರಿನಲ್ಲಿ ನೋಂದಾಯಿಸಿಟ್ಟುಕೊಳ್ಳುವ ಅಭ್ಯಾಸ ವ್ಯಾಪಕವಾಗಿದೆ. ಗ್ರಾಹಕ ಬಿಟ್ಟುಹೋಗಲಾರ ಎಂಬುದು ಅದರ ತರ್ಕ. ಆದರೆ ಒಬ್ಬರು ಹೀಗೆ ಸಿಕ್ಕಿಬಿದ್ದರೆ ಇಡೀ ಸಾಲಿಗೆ ಸುದ್ದಿಯಾಗುತ್ತದೆ, ಆ ಸಾಲಿನಲ್ಲಿ ಮುಂದೆ ಒಂದು ಚಂದಾವೂ ಹುಟ್ಟುವುದಿಲ್ಲ. ಅಂಗಡಿ ಬೇರೆ ಬೀದಿಗೆ ಹೋದರೆ ಬೋರ್ಡನ್ನು ಬಿಚ್ಚಿ ಟೆಂಪೊಗೆ ಹಾಕಿಕೊಂಡು ಹೋಗಬಹುದು. ಮಾಡಿಕೊಟ್ಟವರು ತಡೆಯುವುದಿಲ್ಲ, ಹೊಸ ಜಾಗದಲ್ಲಿ ಅದನ್ನು ಕೂರಿಸಲು ಅವರನ್ನೇ ಕರೆಯುತ್ತಾರೆ. ಡೊಮೇನಿನ ನೋಂದಣಿ ಪತ್ರವೂ ಅಂಗಡಿಯವರ ಹೆಸರಿನಲ್ಲಿ, ಅವರದೇ ಫೋನ್ ನಂಬರಿಗೆ ಬಂದು, ಬೋರ್ಡಿನ ಬಿಲ್ಲಿನ ಜೊತೆ ಅದೇ ಫೈಲಿನಲ್ಲಿ ಕೂರಬೇಕು.